ಬಿಟ್ ಸವೆದರೂ ಬಟನ್ನಿಗೆ ಬೆಲೆ

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಹೊಲಕ್ಕೆ ಬೋರ್‌ವೆಲ್ ಲಾರಿ ಬಂತೆಂದರೆ ಎಲ್ಲರ ಕಣ್ಣೂ ಮೇಲೆ ಹಾರುವ ಕಲ್ಲುಪುಡಿಯ ಮೇಲೆ. ಒಳಗೆ ಬಂಡೆಯನ್ನು ಪುಡಿ ಮಾಡುತ್ತಿರುವುದು ಹ್ಯಾಮರಿನ ತುದಿಯ ಬಿಟ್. ಅದರಲ್ಲೂ ಬಿಟ್ಟಿನ ಮುಖದಲ್ಲಿ ಗುಂಡಗೆ ಎದ್ದು ನಿಂತ ಬಟನ್‌ಗಳು. ಬಿಟ್ ಉಕ್ಕಿನದು, ಬಟನ್ ಟಂಗ್‌ಸ್ಟನ್ ಕಾರ್ಬೈಡಿನದು. ಬಿಟ್ ಸವೆದು ಮೂಲೆ ಸೇರಿದ ಮೇಲೆ ಈ ಬಟನ್‌ಗಳನ್ನು ಬಿಡಿಸಿ ಮಾರುವುದೇ ಒಂದು ಕಸುಬು.

ಮೊಂಡಾದ ಬಟನ್ನಿಗೆ ವಜ್ರದ ಸಾಣೆ ಹಿಡಿದು ಮತ್ತೆ ಗುಂಡಗೆ ಮಾಡಿಕೊಳ್ಳಬಹುದು. ಆದರೆ ಅಂಚಿನ ಸಾಲು ಸವೆದರೆ ಬಿಟ್ಟಿನ ಅಳತೆಯೇ ಕಿರಿದಾಗುತ್ತದೆ. ಅದು ಕೊರೆದ ತೂತಿಗೆ ಹೊಸ ಬಿಟ್ ಇಳಿಸಿದರೆ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಪಳಗಿದ ಡ್ರಿಲ್ಲರ್ ದೊಡ್ಡ ಅಳತೆಯದರಿಂದ ಶುರುಮಾಡಿ, ಆಳಕ್ಕೆ ಹೋದಂತೆ ಸವೆದವನ್ನು ಹಾಕುತ್ತಾನೆ. ಯಾವ ಆಳಕ್ಕೂ ಒದಗದ್ದು ಗುಜರಿಗೆ.

ಇಡೀ ಬಿಟ್ಟನ್ನು ತಕ್ಕಡಿಗೆ ಇಟ್ಟರೆ ಸಿಗುವುದು ಕಬ್ಬಿಣದ ದರ. 14 ಮಿ.ಮೀ. ದಪ್ಪ, 20 ಮಿ.ಮೀ. ಉದ್ದದ ಒಂದು ಬಟನ್ ಸುಮಾರು 45 ಗ್ರಾಂ ತೂಗುತ್ತದೆ. ಅಷ್ಟೇ ಗಾತ್ರದ ಉಕ್ಕು ಅದರ ಅರ್ಧದಷ್ಟು. ಒಂದು ಬಿಟ್ಟಿನ ಬಟನ್‌ಗಳೆಲ್ಲ ಸೇರಿದರೂ ಹಿಡಿಯಷ್ಟೇ. ಆದರೆ ಕಿಲೋ ಲೆಕ್ಕದಲ್ಲಿ ಆ ಹಿಡಿಯ ದರ ಕಬ್ಬಿಣದ ಎಷ್ಟೋ ಪಟ್ಟು.

ಬಿಡಿಸುವ ಉಪಾಯ ಸೊಗಸಾಗಿದೆ. ಬಟನ್ ಕೂರುವ ತೂತು ಬಟನ್ನಿಗಿಂತ ಕೂದಲೆಳೆಯಷ್ಟು ಕಿರಿದು; ಒತ್ತಿ ಕೂರಿಸಿದ್ದು ಸುತ್ತಿಗೆಗೆ ಜಗ್ಗುವುದಿಲ್ಲ. ಬೆಂಕಿಗೆ ಮಾತ್ರ ಜಗ್ಗುತ್ತದೆ. ಕಾದಾಗ ಉಕ್ಕು ಕಾರ್ಬೈಡಿಗಿಂತ ಸುಮಾರು ಎರಡರಷ್ಟು ಹಿಗ್ಗುವುದರಿಂದ ತೂತು ಸಡಿಲವಾಗುತ್ತದೆ. ಬಿಟ್ಟನ್ನು ಕುಲುಮೆಯಲ್ಲಿಟ್ಟು, ಒಳಗಿನವರೆಗೂ ಸಮನಾಗಿ ಕಾಯಿಸಿ, ಮುಖ ಕೆಳಗೆ ಮಾಡಿ ಬಡಿದರೆ ಬಟನ್ ಉದುರುತ್ತದೆ. ಅವಸರಕ್ಕೆ ನೀರು ಹೊಯ್ದರೆ ಕಾರ್ಬೈಡ್ ಬಿರುಕು ಬಿಟ್ಟು ಚೂರು ಸಿಡಿಯಬಹುದು. ಬೆಳ್ಳಿ ಬೆಸುಗೆಯಿಂದ (ಬ್ರೇಜಿಂಗ್) ಕೂರಿಸಿದ ಕಾರ್ಬೈಡ್ ಟಿಪ್‌ಗಳದು ಬೇರೆ ದಾರಿ: ಗ್ಯಾಸ್ ಜ್ವಾಲೆಗೆ ಬೆಸುಗೆ ಕರಗಿದೊಡನೆ ಇಕ್ಕಳದಿಂದ ಎತ್ತಬೇಕು. ಬೆಸುಗೆ ಅಂಟಿಕೊಂಡೇ ಬಂದ ತುಣುಕಿಗೆ ದರ ಕಡಿಮೆ.

ತುಣುಕು ಕಾರ್ಬೈಡೋ ಉಕ್ಕೋ ಎಂದು ಅಯಸ್ಕಾಂತ ನಂಬಿ ಹೇಳಲಾಗದು. ಒಳಗೆ ಕೋಬಾಲ್ಟ್ ಇರುವುದರಿಂದ ಕಾರ್ಬೈಡೂ ಅಷ್ಟಿಷ್ಟು ಅಂಟುತ್ತದೆ. ಸಾಣೆಗೆ ಹಿಡಿದರೆ ಗುಟ್ಟು ಬಯಲು. ಉಕ್ಕಿನ ಕಿಡಿ ಬೆಳ್ಳಗೆ ದೂರಕ್ಕೆ ಚಿಮ್ಮುತ್ತದೆ, ಕಾರ್ಬೈಡಿನದು ಕೆಂಪಗೆ, ಮೋಟು.

1923ರಲ್ಲಿ ಜರ್ಮನಿಯ ಬಲ್ಬ್ ಕಂಪನಿ ಓಸ್ರಾಮ್‌ನಲ್ಲಿದ್ದ ಕಾರ್ಲ್ ಶ್ರೋಟರ್ ಪೇಟೆಂಟ್‌ಗೆ ಅರ್ಜಿ ಹಾಕಿದ ವಸ್ತು ಈ ಕೋಬಾಲ್ಟ್ ಬೆರೆತ ಕಾರ್ಬೈಡ್. ಬಲ್ಬಿನ ತಂತಿ ಎಳೆಯುವ ಅಚ್ಚಿಗೆ ವಜ್ರ ದುಬಾರಿಯಾಗಿ ಹುಟ್ಟಿದ ಹುಡುಕಾಟ. 1926ರಲ್ಲಿ ಕ್ರುಪ್ ಕಂಪನಿ ಅದನ್ನು ವಿಡಿಯಾ ಹೆಸರಲ್ಲಿ ಮಾರುಕಟ್ಟೆಗೆ ತಂದಿತು. ಮುಂದೆ ಬೆಂಗಳೂರಿನ ತುಮಕೂರು ರಸ್ತೆಯಲ್ಲೂ ವಿಡಿಯಾ ಕಾರ್ಖಾನೆ ಬಂತು. ಪಕ್ಕದ ಪೀಣ್ಯದ ಲೇತ್‌ಗಳಲ್ಲಿ ಲೋಹ ಕತ್ತರಿಸಿ ಸವೆಯುವ ಇನ್ಸರ್ಟ್‌ಗಳೂ ಇದೇ ಜಾತಿಯವು. ಅವಕ್ಕೆ ಕುಲುಮೆ ಬೇಡ, ಸ್ಕ್ರೂ ಬಿಚ್ಚಿದರಾಯಿತು.

ಗುಜರಿಯಿಂದ ಮುಂದಿನ ಕೆಲಸ ಸತುವಿನದು. ಸುಮಾರು 900 ಡಿಗ್ರಿಯಲ್ಲಿ ಕರಗಿದ ಸತು ಕಾರ್ಬೈಡಿಗೆ ಇಳಿದು ಕೋಬಾಲ್ಟನ್ನು ಹಿಡಿದುಕೊಳ್ಳುತ್ತದೆ; ಗಟ್ಟಿ ಬಟನ್ ಉಬ್ಬಿ ಸಡಿಲವಾಗುತ್ತದೆ. ಆಮೇಲೆ ನಿರ್ವಾತದಲ್ಲಿ ಸತುವನ್ನು ಆವಿಯಾಗಿ ಎಳೆದರೆ ಉಳಿಯುವುದು ಪುಡಿಯಾಗಿ ಮತ್ತೆ ಬಳಕೆಗೆ ಬರುವ ಕಾರ್ಬೈಡ್. ಗಣಿಯ ಅದಿರಿನಲ್ಲಿ ಟಂಗ್‌ಸ್ಟನ್ ಸಾಮಾನ್ಯವಾಗಿ ನೂರಕ್ಕೆ ಒಂದು ಪಾಲೂ ಇರುವುದಿಲ್ಲ. ಬಟನ್ನಿನಲ್ಲಿ 80 ಪಾಲಿಗೂ ಹೆಚ್ಚು.

ಜಗತ್ತಿನ ಟಂಗ್‌ಸ್ಟನ್ನಿನ ಬಹುಪಾಲು ಚೀನಾದ್ದು. 2025ರ ಫೆಬ್ರುವರಿಯಲ್ಲಿ ಅದು ರಫ್ತಿಗೆ ಕಡಿವಾಣ ಹಾಕಿತು. ನಮ್ಮ ಕೇಂದ್ರ ಸರ್ಕಾರ 2023ರಲ್ಲೇ ಟಂಗ್‌ಸ್ಟನ್ನನ್ನು ನಿರ್ಣಾಯಕ ಖನಿಜಗಳ ಪಟ್ಟಿಗೆ ಸೇರಿಸಿದೆ. ಮರುಬಳಕೆಯೆಂದರೆ ದೊಡ್ಡ ಕಾರ್ಖಾನೆಗಳ ಮಾತೇ ಬರುತ್ತದೆ. ನನಗೆ ಚಿಂತೆ ಅದಕ್ಕೂ ಮೊದಲಿನ, ಬಟನ್ ಬಿಡಿಸಿ ವಿಂಗಡಿಸುವ ಮೆಟ್ಟಿಲಿನದು. ಸಾಣೆಯಿಂದ ಏಳುವ ಕೋಬಾಲ್ಟ್ ಬೆರೆತ ದೂಳು ಶ್ವಾಸಕೋಶವನ್ನು ಕೆಡಿಸುತ್ತದೆ. ಹಳೆಯ ಕೆಲವು ಬೆಳ್ಳಿ ಬೆಸುಗೆಗಳಲ್ಲಿ ಕ್ಯಾಡ್ಮಿಯಂ ಇರುತ್ತದೆ, ಅದರ ಹೊಗೆ ವಿಷ. ನೀರು ಹಾಯಿಸಿಕೊಂಡು ಸಾಣೆ ಹಿಡಿಯುವುದು, ಹೊಗೆ ಎಳೆಯುವ ಫ್ಯಾನು, ಸರಿಯಾದ ಮಾಸ್ಕು, ಇವಿಷ್ಟರ ಖರ್ಚನ್ನು ಬಟನ್ನಿನ ದರದಲ್ಲೇ ಹಿಡಿಯಬೇಕು.