ಸಂಚಕಾರದ ಮಾತು

ಕೊಡುಕೊಳ್ಳುವ ವ್ಯವಹಾರಕ್ಕೆ ಸೇರಿದ ಒಂದು ಹಳೆಯ ಶಬ್ದ ನಮ್ಮ ಭಾಷೆಯಲ್ಲಿದೆ, ಅದು ಸಂಚಕಾರ. ಕೊಳ್ಳಬೇಕೆಂದಿರುವ ವಸ್ತುವಿಗೆ ಮುಂಗಡವಾಗಿ ಕೊಟ್ಟು ವ್ಯಾಪಾರವನ್ನು ಗಟ್ಟಿಮಾಡಿಕೊಳ್ಳುವ ಹಣಕ್ಕೆ ಆ ಹೆಸರು. ಸಂಸ್ಕೃತದ ‘ಸತ್ಯಂಕಾರ’ವೇ ಜನರ ಬಾಯಲ್ಲಿ ಸವೆದು ಸಂಚಕಾರವಾಯಿತು. ಸತ್ಯವಾಗಿಸುವುದು ಎಂದು ಅದರ ಅರ್ಥ. ಆಡಿದ ಮಾತು ಬರಿಯ ಗಾಳಿಯಾಗದೆ ಸತ್ಯವಾಗಲಿ ಎಂದು ಕೊಡುವ ಹಣ ಅದು. ಆದರೆ ಇಂದು ನಾವು ಆ ಶಬ್ದವನ್ನು ಬಳಸುವುದು ‘ಪ್ರಾಣಕ್ಕೆ ಸಂಚಕಾರ ಬಂತು’, ‘ಮಾನಕ್ಕೆ ಸಂಚಕಾರ ಬಂತು’ ಎಂದು ಕೇಡನ್ನು ಸೂಚಿಸುವುದಕ್ಕೆ. ಈ ಅರ್ಥಾಂತರ ಹೇಗಾಯಿತೆಂಬ ವಿಚಾರವನ್ನು ಪಂಡಿತರಿಗೆ ಬಿಡುತ್ತೇನೆ. ವಾಹನಗಳ ಬಿಡಿಭಾಗಗಳನ್ನು ಮಾರುವ ಒಬ್ಬ ಅಧಿಕೃತ ಡೀಲರರ ಕೌಂಟರಿನ ಮುಂದೆ ನಿಂತಿದ್ದಾಗ, ಎರಡು ಅರ್ಥಗಳೂ ನನಗೆ ಒಟ್ಟಿಗೇ ಹೊಳೆದವು. ಅದನ್ನೇ ಇಂದು ವಿವರಿಸಬೇಕೆಂದಿದ್ದೇನೆ.

ನನ್ನ ಹಳೆಯ ಕಾರಿನ ಹಿಂದಿನ ದೀಪ ಒಡೆದಿತ್ತು. ಹೊಸದು ಅಂಗಡಿಯಲ್ಲಿರಲಿಲ್ಲ. ಕೌಂಟರಿನಲ್ಲಿದ್ದ ತರುಣ ಕಂಪ್ಯೂಟರನ್ನು ನೋಡಿ, ‘ತರಿಸಿಕೊಡ್ತೀವಿ ಸಾರ್, 1,840 ರೂಪಾಯಿ ಆಗುತ್ತೆ, ಸಾವಿರ ಅಡ್ವಾನ್ಸ್ ಕೊಡಿ’ ಎಂದ. ಕೊಟ್ಟು ಬಂದೆ. ಹತ್ತೊಂಬತ್ತು ದಿನಗಳ ಮೇಲೆ ಕರೆ ಬಂತು. ಹೋದರೆ ಬಿಲ್ಲಿನಲ್ಲಿದ್ದದ್ದು 2,065 ರೂಪಾಯಿ. ಕೇಳಿದ್ದಕ್ಕೆ, ‘ರೇಟು ಬದಲಾಗಿದೆ ಸಾರ್, ಸಿಸ್ಟಮ್ ತೋರಿಸಿದ್ದನ್ನ ನಾವು ಹಾಕ್ತೀವಿ’ ಎಂಬ ಉತ್ತರ. ಆತನ ದನಿಯಲ್ಲಿ ಒರಟುತನವಿರಲಿಲ್ಲ. ಇನ್ನೂರ ಇಪ್ಪತ್ತೈದು ರೂಪಾಯಿಗಾಗಿ ವಾದಿಸುವುದು ನನ್ನ ವಯಸ್ಸಿಗೆ ಶೋಭಿಸದೆಂದು ಹಣ ತೆಗೆಯುವುದರಲ್ಲಿದ್ದೆ.

ಅಷ್ಟರಲ್ಲಿ ಪಕ್ಕದಲ್ಲಿ ನಿಂತಿದ್ದ ಒಬ್ಬ ಗೂಡ್ಸ್ ಆಟೋ ಚಾಲಕನ ಮಾತು ಕಿವಿಗೆ ಬಿತ್ತು. ‘ಅಣ್ಣಾ, ನೀವೇ ತಾನೆ 3,150 ಅಂದಿದ್ದು? ಅಷ್ಟೇ ಹೊಂದಿಸ್ಕೊಂಡು ಬಂದಿದೀನಿ. ಎಂಟು ದಿನದಿಂದ ಗಾಡಿ ನಿಂತೈತೆ.’ ಆತ ತರಿಸಿದ್ದ ಕ್ಲಚ್ ಸೆಟ್ಟಿಗೆ ಈಗ 3,720 ರೂಪಾಯಿ ಕೇಳುತ್ತಿದ್ದರು. ಸ್ವಲ್ಪ ಹೊತ್ತು ನಿಂತಿದ್ದು, ಸಾಮಾನನ್ನು ಕೌಂಟರಿನ ಮೇಲೆಯೇ ಬಿಟ್ಟು ಆತ ಹೊರಟುಹೋದ. ನನಗೆ ಸಣ್ಣ ಕಿರಿಕಿರಿಯಾದದ್ದು ಆತನಿಗೆ ಇನ್ನೂ ಒಂದೆರಡು ದಿನಗಳ ದುಡಿಮೆಯ ನಷ್ಟ. ನಾನು ಹಣವನ್ನು ಮತ್ತೆ ಜೇಬಿಗಿಟ್ಟು, ‘ಆ ಪೊಟ್ಟಣವನ್ನು ಸ್ವಲ್ಪ ತೋರಿಸಪ್ಪ’ ಎಂದೆ.

ಬೆಲೆ ಹೀಗೆ ನಡುದಾರಿಯಲ್ಲಿ ಬದಲಾಗುವುದೇಕೆ? ಡೀಲರನ ಕಡೆಯ ಮಾತನ್ನು ಮೊದಲು ಕೇಳುವುದು ನ್ಯಾಯ. ಒಂದು ವಾಹನದಲ್ಲಿ ಸಾವಿರಾರು ಬಿಡಿಭಾಗಗಳಿರುತ್ತವೆ. ಒಂದು ಕಂಪನಿ ಹತ್ತಾರು ಮಾದರಿಗಳನ್ನು ಮಾಡುತ್ತದೆ. ಎಲ್ಲವನ್ನೂ ತಂದಿಡುವುದು ಯಾವ ಅಂಗಡಿಗೂ ಸಾಧ್ಯವಿಲ್ಲ. ಬೇಗ ಖರ್ಚಾಗುವ ಎಣ್ಣೆ, ಫಿಲ್ಟರು, ಬ್ರೇಕಿನ ಸಾಮಾನು ಮುಂತಾದವನ್ನು ಇಟ್ಟುಕೊಂಡು, ಉಳಿದದ್ದನ್ನು ಬೇಡಿಕೆ ಬಂದಾಗ ಕಂಪನಿಯ ಉಗ್ರಾಣದಿಂದ ತರಿಸುತ್ತಾರೆ. ಪ್ರತಿಯೊಂದು ಭಾಗಕ್ಕೂ ಒಂದು ನಂಬರು. ಆ ನಂಬರಿನ ಎದುರು ಒಂದು ಬೆಲೆ. ಈ ಪಟ್ಟಿ ಕಂಪನಿಯ ಕೈಯಲ್ಲಿರುತ್ತದೆ. ಅಲ್ಲಿ ಅಂಕಿ ತಿದ್ದಿದರೆ ಊರೂರಿನ ಕಂಪ್ಯೂಟರುಗಳಲ್ಲಿಯೂ ಅದು ಬದಲಾಗುತ್ತದೆ. ಕೆಲವು ವೇಳೆ ಹಳೆಯ ನಂಬರೇ ರದ್ದಾಗಿ, ಅದರ ಬದಲಿಗೆ ಹೊಸ ನಂಬರಿನ, ಹೊಸ ಬೆಲೆಯ ಭಾಗ ಬರುವುದೂ ಉಂಟು. ಗಿರಾಕಿಗೆ ಬೆಲೆ ಹೇಳಿದ ದಿನ ಒಂದು, ಕಂಪನಿ ಡೀಲರನಿಗೆ ಬಿಲ್ಲು ಮಾಡುವ ದಿನ ಮತ್ತೊಂದು. ಈ ಎರಡು ದಿನಗಳ ನಡುವೆ ಪಟ್ಟಿ ತಿದ್ದುಪಡಿಯಾದರೆ ಡೀಲರನೂ ಹೆಚ್ಚು ತೆರಬೇಕಾಗಬಹುದು. ಆತ ಸುಳ್ಳು ಹೇಳುತ್ತಿದ್ದಾನೆಂದು ನಾವು ತಿಳಿಯಬೇಕಾಗಿಲ್ಲ.

ಆದರೆ ಕಷ್ಟ ನಿಜವಾದ ಮಾತ್ರಕ್ಕೆ ಅದನ್ನು ಗಿರಾಕಿಯ ಹೆಗಲಿಗೆ ದಾಟಿಸುವ ಹಕ್ಕು ಹುಟ್ಟುವುದಿಲ್ಲ. ಇಲ್ಲಿ ಮೂರು ಬೇರೆ ಬೇರೆ ಪ್ರಶ್ನೆಗಳಿವೆ. ಕೌಂಟರಿನ ಗಡಿಬಿಡಿಯಲ್ಲಿ ಅವು ಒಂದೇ ಪ್ರಶ್ನೆಯಂತೆ ಕಾಣುತ್ತವೆ.

ಮೊದಲನೆಯದು ಪೊಟ್ಟಣದ ಮೇಲೆ ಅಚ್ಚಾದ ಬೆಲೆ. 2009ರ ಕಾನೂನುಬದ್ಧ ಮಾಪನಶಾಸ್ತ್ರ ಕಾಯಿದೆ ಮತ್ತು ಅದರಡಿ 2011ರಲ್ಲಿ ಜಾರಿಗೆ ಬಂದ ಪೊಟ್ಟಣ ಸಾಮಗ್ರಿಗಳ ನಿಯಮಗಳ ಪ್ರಕಾರ, ಚಿಲ್ಲರೆಯಾಗಿ ಮಾರುವ ಪೊಟ್ಟಣದ ಮೇಲೆ ಎಲ್ಲ ತೆರಿಗೆಗಳೂ ಸೇರಿದ ಗರಿಷ್ಠ ಬೆಲೆಯನ್ನು ನಮೂದಿಸಬೇಕು. ಅದಕ್ಕಿಂತ ಹೆಚ್ಚಿಗೆ ಮಾರುವಂತಿಲ್ಲ. ಅಚ್ಚಾದ ಬೆಲೆಯನ್ನು ಅಳಿಸುವುದಾಗಲಿ ತಿದ್ದುವುದಾಗಲಿ ಕೂಡದು. ಕಂಪ್ಯೂಟರಿನ ಪಟ್ಟಿ ನಿನ್ನೆ ಏರಿದ್ದರೂ, ಕೈಯಲ್ಲಿರುವ ಪೊಟ್ಟಣ ಹಳೆಯ ಬೆಲೆಯದಾಗಿದ್ದರೆ ಅದಕ್ಕೆ ಆ ಹಳೆಯ ಬೆಲೆಯೇ ಮೇರೆ. ನನ್ನ ದೀಪದ ಪೊಟ್ಟಣದ ಮೇಲೆ ಇದ್ದದ್ದು 1,840 ರೂಪಾಯಿಯೇ! ಅದನ್ನು ತೋರಿಸಿದಾಗ ತರುಣ ಒಳಗೆ ಹೋಗಿ ಮ್ಯಾನೇಜರರನ್ನು ಕೇಳಿ ಬಂದು ಬಿಲ್ಲನ್ನು ತಿದ್ದಿಕೊಟ್ಟ. ಎರಡು ನಿಮಿಷದ ಕೆಲಸ.

ಆದರೆ ಆಟೋ ಚಾಲಕನ ಪೊಟ್ಟಣ ಹಾಗಿರಲಿಲ್ಲ. ಅದರ ಮೇಲೆ ಹೊಸ ಬೆಲೆಯೇ ಅಚ್ಚಾಗಿತ್ತು. ಇಲ್ಲಿಗೆ ಎರಡನೆಯ ಪ್ರಶ್ನೆ ಬರುತ್ತದೆ. ಅದೇ ಆಡಿದ ಮಾತಿನ ಪ್ರಶ್ನೆ. ಅಚ್ಚಾದ ಬೆಲೆ ಗರಿಷ್ಠ ಮಿತಿಯೇ ಹೊರತು ಅಷ್ಟಕ್ಕೇ ಮಾರಬೇಕೆಂಬ ಆಜ್ಞೆಯಲ್ಲ. ಅದಕ್ಕಿಂತ ಕಡಿಮೆಗೆ ಕೊಡುತ್ತೇನೆಂದು ಅಂಗಡಿಯವನು ಒಪ್ಪಿದ್ದರೆ ಆ ಒಪ್ಪಂದ ನಿಲ್ಲುತ್ತದೆ. ನಮ್ಮ ದೇಶದಲ್ಲಿ ಇಂಥ ವ್ಯವಹಾರಗಳನ್ನು ಆಳುವುದು 1872ರ ಕರಾರು ಕಾಯಿದೆ ಮತ್ತು 1930ರ ಸರಕು ಮಾರಾಟ ಕಾಯಿದೆ. ಒಂದು ಬೆಲೆಗೆ ಇಬ್ಬರೂ ಒಪ್ಪಿ ಕರಾರಾದ ಮೇಲೆ, ಅದನ್ನು ಬದಲಿಸಲು ಮತ್ತೆ ಇಬ್ಬರ ಒಪ್ಪಿಗೆಯೂ ಬೇಕು. ಒಬ್ಬನೇ ಬದಲಿಸಿ ‘ಸಿಸ್ಟಮ್ ಬದಲಿಸಿತು’ ಎಂದರೆ ಸಾಲದು. ಸಿಸ್ಟಮ್ಮು ಕರಾರಿನ ಪಕ್ಷವಲ್ಲ.

ಆದರೆ ಬೆಲೆಯೇ ಗೊತ್ತಾಗಿರದಿದ್ದರೆ? ಸರಕು ಮಾರಾಟ ಕಾಯಿದೆಯ 9ನೆಯ ವಿಧಿ ಇದಕ್ಕೆ ಉತ್ತರ ಕೊಡುತ್ತದೆ. ಬೆಲೆಯನ್ನು ಕರಾರಿನಲ್ಲಿಯೇ ನಿಗದಿ ಮಾಡಬಹುದು. ಮುಂದೆ ಹೇಗೆ ನಿಗದಿ ಮಾಡಬೇಕೆಂಬ ಕ್ರಮವನ್ನು ಒಪ್ಪಿಕೊಂಡಿರಬಹುದು. ಅಥವಾ ಇಬ್ಬರ ನಡುವಣ ವ್ಯವಹಾರದ ರೂಢಿಯಿಂದ ಅದು ತೀರ್ಮಾನವಾಗಬಹುದು. ಈ ಯಾವುದೂ ಇಲ್ಲದಿದ್ದಲ್ಲಿ ಕೊಳ್ಳುವವನು ನ್ಯಾಯವಾದ ಬೆಲೆಯನ್ನು ಕೊಡಬೇಕು. ನ್ಯಾಯವಾದ ಬೆಲೆ ಯಾವುದೆಂಬುದು ಆಯಾ ಸಂದರ್ಭವನ್ನು ನೋಡಿ ಹೇಳಬೇಕಾದ ಮಾತು. ಅಂಗಡಿಯವರು ಅನೇಕ ಕಡೆ ರಸೀದಿಯ ಕೆಳಗೆ ಸಣ್ಣಕ್ಷರಗಳಲ್ಲಿ ‘ವಿತರಣೆಯ ದಿನದ ಬೆಲೆ ಅನ್ವಯಿಸುತ್ತದೆ’ ಎಂದು ಅಚ್ಚು ಹಾಕಿಸಿರುತ್ತಾರೆ. ಮುಂದೆ ಬೆಲೆ ನಿಗದಿಯಾಗುವ ಕ್ರಮವನ್ನು ನಾವು ಒಪ್ಪಿದ್ದೇವೆ ಎಂದು ಹೇಳಿಕೊಳ್ಳಲು ಅವರಿಗೆ ಅದು ಆಧಾರ. ಅಂಥ ಷರತ್ತೆಲ್ಲ ತಂತಾನೆ ಅನ್ಯಾಯವೆಂದು ನಾನು ಹೇಳಲಾರೆ. ಆದರೆ ಗ್ರಾಹಕನ ಮೇಲೆ ಯುಕ್ತವಲ್ಲದ ಹೊರೆ ಹೊರಿಸಿ ಅವನನ್ನು ಪ್ರತಿಕೂಲ ಸ್ಥಿತಿಗೆ ತಳ್ಳುವ ಷರತ್ತುಗಳನ್ನು 2019ರ ಗ್ರಾಹಕ ರಕ್ಷಣಾ ಕಾಯಿದೆ ಅನುಚಿತ ಕರಾರಿನ ಲಕ್ಷಣಗಳಲ್ಲಿ ಸೇರಿಸಿದೆ.

ಆಟೋ ಚಾಲಕ ಬಿಟ್ಟುಹೋದ ಸಾಮಾನಿನ ಜೊತೆಗೆ ಆತನ ರಸೀದಿಯ ಅಂಗಡಿಯ ಪ್ರತಿಯೂ ಅಲ್ಲಿಯೇ ಇತ್ತು. ಅದರಲ್ಲಿ ಭಾಗದ ನಂಬರಿತ್ತು, ಮುಂಗಡದ ಮೊತ್ತವಿತ್ತು, ತಾರೀಖಿತ್ತು. ಬೆಲೆ ಮಾತ್ರ ಇರಲಿಲ್ಲ. 3,150 ಎಂಬುದು ಬಾಯಿಮಾತಾಗಿಯೇ ಉಳಿದಿತ್ತು. ಬಾಯಿಮಾತಿಗೂ ಕಾನೂನಿನಲ್ಲಿ ಬೆಲೆಯುಂಟು. ಆದರೆ ಅದನ್ನು ರುಜುವಾತುಪಡಿಸುವ ಭಾರ ದಿನಗೂಲಿಯನ್ನು ಬಿಟ್ಟು ಬಂದವನ ಮೇಲೆ ಬೀಳುತ್ತದೆ. ಸತ್ಯವಾಗಿಸಬೇಕಾದ ಹಣ ಹೀಗೆ ಕೇಡಾಗುತ್ತದೆ. ಮುಂಗಡ ಕೊಟ್ಟವನು ಬೇರೆ ಅಂಗಡಿಗೆ ಹೋಗಲಾರ. ಪಡೆದವನು ಮಾತ್ರ ಬೆಲೆಗೆ ಬದ್ಧನಲ್ಲ. ಕಟ್ಟಿದ್ದು ಒಬ್ಬನನ್ನೇ.

ಮೂರನೆಯ ಪ್ರಶ್ನೆ ತೆರಿಗೆಯದು. ಕರಾರಾದ ಮೇಲೆ ಸುಂಕವೋ ಮಾರಾಟ ತೆರಿಗೆಯೋ ಏರಿದರೆ ಆ ಏರಿಕೆಯನ್ನು ಕೊಳ್ಳುವವನು ಕೊಡಬೇಕು, ಇಳಿದರೆ ಆ ಇಳಿಕೆ ಅವನಿಗೆ ಸಲ್ಲಬೇಕು. ಬೇರೆ ಒಪ್ಪಂದವಿಲ್ಲದಿದ್ದರೆ ಇದು 1930ರ ಕಾಯಿದೆಯ 64ಎ ವಿಧಿಯ ನ್ಯಾಯ. ಈ ನ್ಯಾಯಕ್ಕೆ ಎರಡು ಕೈಗಳಿವೆಯೆಂಬುದನ್ನು ಮರೆಯಬಾರದು. 2025ರ ಸೆಪ್ಟೆಂಬರ್ 22ರಂದು ವಾಹನಗಳ ಬಿಡಿಭಾಗಗಳಿಗೆಲ್ಲ ಜಿಎಸ್‌ಟಿ ಒಂದೇ ದರಕ್ಕೆ, ಶೇಕಡ 18ಕ್ಕೆ ಬಂತು. ಅದಕ್ಕೆ ಮೊದಲು ಶೇಕಡ 28 ಇದ್ದ ಭಾಗವೊಂದರ ಮೂಲಬೆಲೆ ಸಾವಿರ ರೂಪಾಯಿ ಎನ್ನೋಣ. ಆ ತಿಂಗಳ ಮೊದಲ ವಾರ ಕೇಳಿದವನಿಗೆ 1,280 ಎಂದಿರುತ್ತಾರೆ. 22ರ ನಂತರ ಬಿಲ್ಲು ಮಾಡಿಸಿ ತಂದವನಿಗೆ 1,180 ಆಗಬೇಕು. ‘ವಿತರಣೆಯ ದಿನದ ಬೆಲೆ’ ಎಂಬ ಸಣ್ಣಕ್ಷರ ಅಂಥ ದಿನ ಗಿರಾಕಿಯ ಪಕ್ಷಕ್ಕೆ ನಿಲ್ಲುತ್ತದೆ. ಏರುವಾಗ ನೆನಪಿಗೆ ಬರುವ ಷರತ್ತು ಇಳಿಯುವಾಗಲೂ ನೆನಪಿಗೆ ಬಂದರೆ ಮಾತ್ರ ಅದು ಷರತ್ತು.

ಹಾಗಾದರೆ ನಾವು ಮಾಡಬೇಕಾದದ್ದೇನು? ದೊಡ್ಡ ಹೋರಾಟವೇನೂ ಬೇಕಿಲ್ಲ. ಮುಂಗಡ ಕೊಡುವಾಗ ರಸೀದಿಯಲ್ಲಿ ಭಾಗದ ನಂಬರು, ತೆರಿಗೆ ಸೇರಿದ ಬೆಲೆ, ಆ ಬೆಲೆ ಎಲ್ಲಿಯವರೆಗೆ ಎಂಬ ತಾರೀಖು, ಈ ಮೂರನ್ನು ಬರೆಯಿಸಬೇಕು. ಬೆಲೆ ಏರಿದರೆ ತರಿಸುವ ಮೊದಲು ತಿಳಿಸಬೇಕು, ನಾವು ಒಪ್ಪದಿದ್ದರೆ ಮುಂಗಡವನ್ನು ಹಿಂದಿರುಗಿಸಬೇಕು ಎಂದು ಒಂದು ಸಾಲು ಸೇರಿಸಬೇಕು. ಸಾಮಾನು ಬಂದಾಗ ಬಿಲ್ಲಿಗಿಂತ ಮೊದಲು ಪೊಟ್ಟಣವನ್ನು ನೋಡಬೇಕು. ಮಾರಿದ ಸರಕಿಗೆ ಬಿಲ್ಲು ಕೊಡದಿರುವುದೂ ಈಗಿನ ಗ್ರಾಹಕ ಕಾಯಿದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿಯೇ. ಮಾತಿನಿಂದ ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಎಂಬ ಸಂಖ್ಯೆಯಿದೆ. ಅಚ್ಚಾದ ಬೆಲೆ ಮೀರಿದ್ದರೆ ಮಾಪನಶಾಸ್ತ್ರ ಇಲಾಖೆಯಿದೆ. ಅದರಾಚೆ ಜಿಲ್ಲಾ ಗ್ರಾಹಕ ಆಯೋಗವಿದೆ.

ಇದರಲ್ಲಿ ಡೀಲರನಿಗೂ ಹಿತವಿದೆಯೆಂದು ನನ್ನ ನಂಬಿಕೆ. ‘ಈ ಬೆಲೆ ಹದಿನೈದು ದಿನ ಮಾತ್ರ’ ಎಂದು ಬರೆದುಕೊಟ್ಟವನನ್ನು ಯಾರೂ ಮೋಸಗಾರನೆನ್ನುವುದಿಲ್ಲ. ಹೇಳದೆ ಬದಲಿಸುವವನ ಮೇಲೆ ಮಾತ್ರ ಸಂಶಯ ಹುಟ್ಟುತ್ತದೆ, ಆತ ನಿರಪರಾಧಿಯಾಗಿದ್ದರೂ.

ನನ್ನ ದೀಪವನ್ನು ತೆಗೆದುಕೊಂಡು ಹೊರಡುವಾಗ ಆ ತರುಣನಿಗೆ, ‘ಆ ಆಟೋದವರಿಗೆ ನೀನು ಹೇಳಿದ್ದು ಮೂರು ಸಾವಿರದ ನೂರೈವತ್ತು ಅಲ್ಲವೇನಪ್ಪ?’ ಎಂದು ಕೇಳಿದೆ. ಆತ ಹೌದೆಂದ. ‘ಹಾಗಾದರೆ ಒಳಗೆ ಹೋಗಿ ಅದನ್ನೂ ಹೇಳು’ ಎಂದೆ. ಆತ ಹೇಳಿದನೋ ಇಲ್ಲವೋ ಕಾಣೆ. ತಿಂಗಳ ಮೇಲೆ ಮತ್ತೊಂದು ಸಣ್ಣ ಸಾಮಾನಿಗಾಗಿ ಅಲ್ಲಿಗೆ ಹೋದಾಗ, ನಾನು ಕೇಳುವ ಮೊದಲೇ ಆತ ರಸೀದಿಯ ಅಂಚಿನಲ್ಲಿ ಬೆಲೆಯನ್ನು ಬರೆದು, ಕೆಳಗೆ ತಾರೀಖು ಹಾಕಿ, ರುಜು ಮಾಡಿ ಕೊಟ್ಟ. ಅಂದು ನಾನು ಕೊಟ್ಟದ್ದು ಇನ್ನೂರು ರೂಪಾಯಿ ಮುಂಗಡ. ಹಳೆಯ ಅರ್ಥದಲ್ಲಿ ಅದು ಸಂಚಕಾರವಾಗಿತ್ತು.