ಒಂದು ಫೋಟೊ, ಎರಡು ಮೊಟ್ಟೆ

ರಜೆಗೆಂದು ಬಳ್ಳಾರಿಗೆ ಬಂದಿದ್ದ ಮೊಮ್ಮಗಳು ಒಂದು ಪುಸ್ತಕ ತೆರೆದು ನನ್ನ ಮುಂದೆ ಹಿಡಿದಳು. ಅದರಲ್ಲಿ ಹೊನ್ನ ಹದ್ದಿನ ಗೂಡಿನ ಚಿತ್ರವಿತ್ತು. ಕಡ್ಡಿಗಳ ದೊಡ್ಡ ರಾಶಿ, ನಡುವೆ ಎರಡು ಮೊಟ್ಟೆ.

"ತಾತಾ, ನೀನೂ ಕ್ಯಾಮೆರಾ ಹಿಡ್ಕೊಂಡು ಗುಡ್ಡ ಸುತ್ತುತ್ತಿದ್ದೆಯಂತಲ್ಲ. ಇಂಥದ್ದು ಒಂದಾದರೂ ತೆಗೆದಿದ್ದೀಯಾ?"

ತೆಗೆದಿದ್ದೇನೆ. ಒಂದೇ ಒಂದು. ಅದನ್ನು ಅದುವರೆಗೆ ಯಾರಿಗೂ ತೋರಿಸಿರಲಿಲ್ಲ. ಯಾಕೆಂದು ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ, ಮಕ್ಕಳೇ.

ಹೊನ್ನ ಹದ್ದು ನಮ್ಮ ಕಡೆಯದಲ್ಲ. ನಮ್ಮ ದೇಶದಲ್ಲಿ ಅದರ ಮನೆ ಹಿಮಾಲಯ. ಆದರೆ ಅದರ ಬಳಗದ ಬೊನೆಲ್ಲಿ ಹದ್ದು ದಖನ್ನಿನ ಕಲ್ಲುಗುಡ್ಡಗಳಲ್ಲಿ ವಾಸಿಸುತ್ತದೆ. ಬೆನ್ನು ಕಂದು, ಎದೆ ಬಿಳಿ, ಎದೆಯ ಮೇಲೆ ಕಪ್ಪು ಗೀರುಗಳು. ಕಡಿದಾದ ಬಂಡೆಯಲ್ಲೋ ಎತ್ತರದ ಮರದಲ್ಲೋ ಕಡ್ಡಿ ಒಟ್ಟಿ ಗೂಡು ಕಟ್ಟಿ, ಒಳಗೆ ಹಸಿರೆಲೆ ಹಾಸುತ್ತದೆ. ಸಾಮಾನ್ಯವಾಗಿ ಎರಡು ಮೊಟ್ಟೆ. ಕಾವು ಸುಮಾರು 40 ದಿನ.

ಬ್ಯಾಂಕಿನಲ್ಲಿ ಗುಮಾಸ್ತನಾಗಿ ನಿವೃತ್ತನಾದಾಗ ಬಂದ ಹಣದಲ್ಲಿ ನಾನು ಮೊದಲು ಕೊಂಡದ್ದು ಕ್ಯಾಮೆರಾ. ಒಂದು ಜನವರಿ ಬೆಳಿಗ್ಗೆ ಬಸ್ಸು ಹತ್ತಿ ಕುರುಗೋಡಿಗೆ ಹೋದೆ. ದೊಡ್ಡಬಸವೇಶ್ವರನಿಗೆ ಕೈಮುಗಿದು ಗುಡ್ಡದ ಕಡೆ ನಡೆದೆ. ಒಂದು ಬಂಡೆ ಹತ್ತಿ ಬಗ್ಗಿ ನೋಡಿದರೆ, ಕೆಳಗಿನ ಸಂದಿನಲ್ಲಿ ಗೂಡು! ತಾಯಿ ಹದ್ದು ಭರ್ರೆಂದು ಎದ್ದು ಹಾರಿತು. ಎರಡು ಮೊಟ್ಟೆ ಕಂಡವು.

ಒಂದು ಫೋಟೊ ತೆಗೆದೆ. ನೆರಳು ಬಿದ್ದು ಕಪ್ಪಾಯಿತು. ಬಿಸಿಲು ಗೂಡಿನ ಮೇಲೆ ಬರಲಿ ಎಂದು ಕೂತೆ. ಕಾಲು ಗಂಟೆ, ಅರ್ಧ ಗಂಟೆ, ಮುಕ್ಕಾಲು ಗಂಟೆ. ಕೆಳಗೆ ಕುರಿ ಮೇಯಿಸುತ್ತಿದ್ದ ಮುದುಕರೊಬ್ಬರು ಕೂಗಿದರು: "ಸಾರ್, ತಾಯಿ ಮ್ಯಾಲೆ ತಿರುಗಾಕತ್ತೈತಿ ನೋಡ್ರಿ. ನೀವು ಇಳಿದ್ರ ಅದೂ ಇಳೀತೈತಿ."

"ಐದೇ ನಿಮಿಷ," ಎಂದೆ ನಾನು. ಮತ್ತೂ ಅರ್ಧ ಗಂಟೆ ಕೂತೆ.

ಹದಿನೈದು ದಿನ ಬಿಟ್ಟು ಹೋಗಿ ದೂರದಿಂದ ದುರ್ಬೀನು ಹಾಕಿ ನೋಡಿದರೆ ಗೂಡಿನಲ್ಲಿ ಹಕ್ಕಿ ಇರಲಿಲ್ಲ. ಸಂಜೆಯವರೆಗೂ ಬರಲಿಲ್ಲ. ಬ್ಯಾಂಕಿನಲ್ಲಿ ಮೂಲ ಗೊತ್ತಾಗದ ಮೊತ್ತವನ್ನು, ಗೊತ್ತಾಗುವವರೆಗೆ, ಸಸ್ಪೆನ್ಸ್ ಖಾತೆಯಲ್ಲಿ ಇಡುತ್ತಾರೆ. ಆ ಎರಡು ಮೊಟ್ಟೆ ಇವತ್ತಿಗೂ ನನ್ನ ಸಸ್ಪೆನ್ಸ್ ಖಾತೆಯಲ್ಲೇ ಇವೆ. ನನ್ನಿಂದಲೇ ಹಾಳಾದವೋ, ಬೇರೆ ಕಾರಣವೋ, ಹೇಳುವವರಿಲ್ಲ.

ಕಾವಿಗೆ ಕೂತ ಕೋಳಿಯನ್ನು ಎಬ್ಬಿಸಿದರೆ ನಮ್ಮವ್ವ ಬೈಯುತ್ತಿದ್ದಳು. ಮೊಟ್ಟೆಯೊಳಗಿನ ಜೀವಕ್ಕೆ ಹದವಾದ ಬಿಸಿ ಬೇಕು. ತಾಯಿ ಎದ್ದು ಹೋದರೆ ಚಳಿಯಲ್ಲಿ ಮೊಟ್ಟೆ ತಣ್ಣಗಾಗುತ್ತದೆ. ಬಿಸಿಲೇರಿದರೆ ಬಂಡೆಯ ಮೇಲೆ ಬೇಯುತ್ತದೆ. ಕಾಗೆಗೆ ಬಾಗಿಲು ತೆರೆದಿಟ್ಟಂತೆಯೂ ಆಗುತ್ತದೆ. ಮತ್ತೆ ಮತ್ತೆ ಹೆದರಿದ ಹಕ್ಕಿ ಗೂಡನ್ನೇ ಬಿಟ್ಟು ಹೋಗಬಹುದು. ಮನೆಯಲ್ಲಿ ಕಲಿತ ಪಾಠ, ಕೈಗೆ ಕ್ಯಾಮೆರಾ ಬಂದೊಡನೆ ಮರೆತಿತ್ತು.

ತಮಾಷೆಯೆಂದರೆ, ಮೊಟ್ಟೆಗಳನ್ನು ಉಳಿಸುವ ಹಾದಿ ತೋರಿದ್ದೂ ಕ್ಯಾಮೆರಾವೇ. ನೂರಿಪ್ಪತ್ತು-ನೂರಮೂವತ್ತು ವರ್ಷಗಳ ಹಿಂದೆ ಇಂಗ್ಲೆಂಡಿನಲ್ಲಿ ಹಕ್ಕಿಯ ಮೊಟ್ಟೆ ಕದ್ದು ಪೆಟ್ಟಿಗೆಯಲ್ಲಿ ಜೋಡಿಸುವುದು ದೊಡ್ಡ ಹವ್ಯಾಸವಾಗಿತ್ತು. ರಿಚರ್ಡ್ ಮತ್ತು ಚೆರ್ರಿ ಕಿಯರ್ಟನ್ ಎಂಬ ಅಣ್ಣತಮ್ಮಂದಿರು 1892ರಲ್ಲಿ ಮೊಟ್ಟೆಗಳಿದ್ದ ಗೂಡನ್ನು ಇದ್ದಲ್ಲೇ ಫೋಟೊ ತೆಗೆದರು. ಹಕ್ಕಿ ಹೆದರದಿರಲೆಂದು ಎತ್ತಿನ ಚರ್ಮದಿಂದ ಪೊಳ್ಳು ಎತ್ತು ಮಾಡಿಸಿ, ಅದರ ಹೊಟ್ಟೆಯೊಳಗೆ ಅಡಗಿ ಕೂರುತ್ತಿದ್ದರು! ಇಂದು ಬ್ರಿಟನ್ನಿನಲ್ಲಿ ಹೊನ್ನ ಹದ್ದಿನ ಗೂಡಿನ ಬಳಿ ಫೋಟೊ ತೆಗೆಯಲು ಪರವಾನಗಿ ಬೇಕು. ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ 'ಬೇಟೆ' ಎಂಬ ಮಾತಿನೊಳಗೆ ಕಾಡುಹಕ್ಕಿಯ ಮೊಟ್ಟೆಗೆ, ಗೂಡಿಗೆ ತೊಂದರೆ ಕೊಡುವುದೂ ಸೇರಿದೆ. ಬಂದೂಕು ಬೇಕಾಗಿಯೇ ಇಲ್ಲ. ಇದನ್ನು ನಾನು ಓದಿ ತಿಳಿದದ್ದು ಕುರುಗೋಡಿನ ಮೇಲೆ.

ಆ ಮೇಲೆ ಸಿರುಗುಪ್ಪದ ಸರದಿ. ಆ ತಾಲ್ಲೂಕಿನ ಎರೆ ಬಯಲು ಎರ್ಲಡ್ಡು ಹಕ್ಕಿಗೆ ಕರ್ನಾಟಕದಲ್ಲಿ ಉಳಿದಿರುವ ನೆಲೆ. ದೊರವಾಯನ ಹಕ್ಕಿ ಎಂದರೂ ಇದೇ. ಸುಮಾರು ಒಂದು ಮೀಟರ್ ಎತ್ತರ. ಗಂಡು 15 ಕಿಲೊವರೆಗೂ ತೂಗುತ್ತದೆ. ಇಷ್ಟು ದೊಡ್ಡ ಹಕ್ಕಿ ಗೂಡನ್ನೇ ಕಟ್ಟುವುದಿಲ್ಲ. ಬರಿ ನೆಲದ ಮೇಲೆ, ಸಾಮಾನ್ಯವಾಗಿ ಒಂದೇ ಮೊಟ್ಟೆ. ಸುಮಾರು ನಾಲ್ಕು ವಾರ ತಾಯಿಯೊಬ್ಬಳೇ ಕಾವು ಕೊಡುತ್ತಾಳೆ. 2011ರಿಂದ ಅದು ಅಳಿವಿನ ಅಂಚಿನಲ್ಲಿರುವ ಜೀವಿಗಳ ಜಾಗತಿಕ ಪಟ್ಟಿಯಲ್ಲಿದೆ. ಬಯಲಿನಲ್ಲಿ ಉಳಿದಿರುವವು ಸುಮಾರು 150 ಎಂಬ ಅಂದಾಜಿದೆ. ಅವುಗಳಲ್ಲಿ ಬಹುಪಾಲು ರಾಜಸ್ಥಾನದಲ್ಲಿವೆ, ನಮ್ಮಲ್ಲಿರುವವು ಬೆರಳೆಣಿಕೆಯಷ್ಟು.

ಒಮ್ಮೆ ಅಲ್ಲಿನ ರೈತರೊಬ್ಬರು, "ಸಾರ್, ಮೊಟ್ಟೆ ಇರೋ ಜಾಗ ಗೊತ್ತೈತಿ, ತೋರಿಸ್ಲೇನ್ರಿ?" ಎಂದರು. ಬಾಯಲ್ಲಿ ನೀರೂರಿತು. ಸುಳ್ಳೇಕೆ ಹೇಳಲಿ? ಆದರೆ ಕುರುಗೋಡಿನ ಆ ಮುದುಕರ ದನಿ ಕಿವಿಯಲ್ಲಿತ್ತು. "ಬ್ಯಾಡ್ರಿ. ನನಗಷ್ಟೇ ಅಲ್ಲ, ಯಾರಿಗೂ ತೋರಿಸಬ್ಯಾಡ್ರಿ. ಅರಣ್ಯ ಇಲಾಖೆಯವರಿಗೆ ಮಾತ್ರ ಹೇಳ್ರಿ," ಎಂದೆ. ಅಂದು ಒಂದೂ ಫೋಟೊ ಇಲ್ಲದೆ ಬಸ್ಸು ಹತ್ತಿದೆ. ನಿದ್ದೆ ಮಾತ್ರ ಚೆನ್ನಾಗಿ ಬಂತು.

ಹಾಗೆಂದು ಕ್ಯಾಮೆರಾ ಮೂಲೆಗಿಡಬೇಕಿಲ್ಲ. ಹಾರುವ, ಬೇಟೆಯಾಡುವ, ಕೊಂಬೆಯ ಮೇಲೆ ಕೂತ ಹಕ್ಕಿಯನ್ನು ದೂರದಿಂದ ತೆಗೆಯಿರಿ. ಗೂಡು ಕಣ್ಣಿಗೆ ಬಿದ್ದರೆ ಸದ್ದಿಲ್ಲದೆ ಹಿಂದೆ ಸರಿಯಿರಿ. ಹಕ್ಕಿ ಕೂಗುತ್ತಾ ತಲೆಯ ಮೇಲೆ ಸುತ್ತುತ್ತಿದ್ದರೆ, ಹೋಗು ಎನ್ನುತ್ತಿದೆ ಎಂದೇ ತಿಳಿಯಿರಿ. ಗೂಡಿನ ಜಾಗವನ್ನು ವಾಟ್ಸ್ಆ್ಯಪ್‌ನಲ್ಲಿ ಹಂಚಬೇಡಿ. ಮೊಬೈಲಿನಲ್ಲಿ ತೆಗೆದ ಚಿತ್ರದೊಳಗೇ ಆ ಸ್ಥಳದ ಗುರುತು ಅಡಗಿರಬಹುದು. ಇದು ಅಜ್ಜಂದಿರಿಗೂ ಹೇಳಿದ ಮಾತು!

ಇಷ್ಟು ಕೇಳಿದ ಮೇಲೆ ಮೊಮ್ಮಗಳು ಆ ಫೋಟೊ ನೋಡಲೇಬೇಕೆಂದು ಹಟ ಹಿಡಿದಳು. ಬೀರುವಿನಿಂದ ತೆಗೆದು ಕೊಟ್ಟೆ. ತುಂಬಾ ಹೊತ್ತು ನೋಡಿ ಕೇಳಿದಳು: "ಇದರಲ್ಲಿ ಅಮ್ಮ ಎಲ್ಲಿ, ತಾತಾ?"

"ಮೇಲೆ ಹಾರಾಡುತ್ತಿದ್ದಳಮ್ಮ," ಎಂದೆ. "ನಾನು ಯಾವಾಗ ಇಳಿಯುತ್ತೇನೋ ಎಂದು ಕಾಯುತ್ತಿದ್ದಳು."