ಮೌಲ್ಯಗಳು ಒಂದೇ, ತೂಗುವ ಬಗೆ ಬೇರೆ

ಮೋಟಾರ್ ಸೈಕಲ್ಲಿನ ಹಿಂದಿನ ಚಕ್ರ ಸಿಡಿಯುತ್ತದೆ. ಹಿಂದೆ ಕುಳಿತಿದ್ದವನು ಬೀಳುತ್ತಾನೆ, ತಲೆ ರಸ್ತೆಗೆ ಬಡಿಯುತ್ತದೆ. ಗಾಡಿ ಓಡಿಸುತ್ತಿದ್ದವನು ವಕೀಲ. ಗಾಯಾಳುವನ್ನು ಆಸ್ಪತ್ರೆಗೆ ತಲುಪಿಸಿ, ಪೆಟ್ಟು ಎಷ್ಟು ಗಂಭೀರವೆಂದು ವೈದ್ಯರನ್ನೂ ಕೇಳದೆ, ಅವನು ನ್ಯಾಯಾಲಯದ ಕೆಲಸಕ್ಕೆ ಹೊರಟುಹೋಗುತ್ತಾನೆ. ಗಾಯಾಳು ಬದುಕುವುದಿಲ್ಲ. ವಕೀಲ ಹೀಗೇಕೆ ಮಾಡಿದ?

ಈ ಪ್ರಸಂಗ ಬರುವುದು ಮೈಸೂರು ಮತ್ತು ಷಿಕಾಗೊ ನಗರಗಳಲ್ಲಿ ನಡೆದು 1984ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ. ಇಂಥ ವರ್ತನೆಗೆ ಅಮೆರಿಕದ ವಯಸ್ಕರು ಕಾರಣ ಹುಡುಕಿದ್ದು ಹೆಚ್ಚಾಗಿ ವ್ಯಕ್ತಿಯ ಸ್ವಭಾವದಲ್ಲಿ: ಆತ ಬೇಜವಾಬ್ದಾರಿ. ಮೈಸೂರಿನವರು ನೋಡಿದ್ದು ಸಂದರ್ಭವನ್ನು: ಕಕ್ಷಿದಾರನಿಗಾಗಿ ನ್ಯಾಯಾಲಯದಲ್ಲಿ ಇರಬೇಕಾದದ್ದು ಅವನ ಕರ್ತವ್ಯ, ಗಾಬರಿಯಾಗಿರಬಹುದು, ಪೆಟ್ಟು ಅಷ್ಟು ದೊಡ್ಡದೆಂದು ಹೊರಗೆ ಕಾಣದೇ ಇದ್ದಿರಬಹುದು. ಕುತೂಹಲದ ಸಂಗತಿಯೆಂದರೆ, ಎಂಟು ವರ್ಷದ ಮಕ್ಕಳ ವಿವರಣೆಗಳಲ್ಲಿ ಎರಡೂ ಊರುಗಳ ನಡುವೆ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ವಯಸ್ಸು ಏರಿದಂತೆ ಅದು ಬೆಳೆಯಿತು. ಇಂಥ ನೋಟವನ್ನು ಯಾರೂ ಹುಟ್ಟುವಾಗ ತರುವುದಿಲ್ಲ. ಮನೆ, ಶಾಲೆ, ಬೀದಿ ಅದನ್ನು ಕಲಿಸುತ್ತವೆ.

ಹತ್ತು ಮೌಲ್ಯಗಳ ವೃತ್ತ

ಮನುಷ್ಯರೆಲ್ಲರಿಗೂ ಸಮಾನವಾದ ಮೌಲ್ಯಗಳಿವೆಯೇ ಎಂಬ ತತ್ವಶಾಸ್ತ್ರದ ಹಳೆಯ ಪ್ರಶ್ನೆಗೆ ಸಮಾಜವಿಜ್ಞಾನ ಅಳತೆಗೋಲು ಹಿಡಿದದ್ದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ. 1992ರಲ್ಲಿ 20 ದೇಶಗಳ ಮಾಹಿತಿ ಆಧರಿಸಿ ಪ್ರಕಟವಾದ ಸಿದ್ಧಾಂತವೊಂದು ಈ ಕ್ಷೇತ್ರಕ್ಕೆ ಇಂದಿಗೂ ಬುನಾದಿ. ಅದು ಗುರುತಿಸಿದ ಮೂಲ ಮೌಲ್ಯಗಳು ಹತ್ತು: ಸ್ವನಿರ್ಧಾರ, ಹೊಸತರ ಹಂಬಲ, ಸುಖ, ಸಾಧನೆ, ಅಧಿಕಾರ, ಭದ್ರತೆ, ನಿಯಮಪಾಲನೆ, ಪರಂಪರೆ, ಹತ್ತಿರದವರ ಹಿತ ಮತ್ತು ಸಕಲರ ಹಿತ. ಪಟ್ಟಿಗಿಂತ ಮುಖ್ಯವಾದದ್ದು ಜೋಡಣೆ. ಇವು ವೃತ್ತಾಕಾರದಲ್ಲಿ ನಿಲ್ಲುತ್ತವೆ. ಅಕ್ಕಪಕ್ಕದವು ಒಂದಕ್ಕೊಂದು ಹೊಂದುತ್ತವೆ, ಎದುರುಬದುರಿನವು ಘರ್ಷಿಸುತ್ತವೆ. ಅಧಿಕಾರದ ಬೆನ್ನು ಹತ್ತಿದವರಿಗೆ ಸಕಲರ ಹಿತ ಹಿಂದೆ ಬೀಳುತ್ತದೆ. ಪರಂಪರೆಯನ್ನು ಅಪ್ಪಿಕೊಂಡವರಿಗೆ ಹೊಸತರ ಹಂಬಲ ಕಡಿಮೆ.

ಅಳೆಯುವ ಕ್ರಮವೂ ಜಾಣತನದ್ದು. 2002ರಿಂದ ಯುರೋಪಿನಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುತ್ತಿರುವ ಸಮೀಕ್ಷೆಯಲ್ಲಿ 'ನಿಮ್ಮ ಮೌಲ್ಯ ಯಾವುದು' ಎಂದು ನೇರವಾಗಿ ಕೇಳುವುದಿಲ್ಲ. ಯಾರೋ ಒಬ್ಬರ ಬಗ್ಗೆ ಒಂದೆರಡು ವಾಕ್ಯ ಓದಿ, 'ಈ ವ್ಯಕ್ತಿ ಎಷ್ಟರ ಮಟ್ಟಿಗೆ ನಿಮ್ಮಂತೆ' ಎಂದು ಕೇಳುತ್ತಾರೆ. ಅಂಥ 21 ಚಿತ್ರಣಗಳಿವೆ. ನೇರ ಪ್ರಶ್ನೆಗೆ ನಾವೆಲ್ಲರೂ ಸಜ್ಜನರಾಗಿಬಿಡುತ್ತೇವೆ ಎಂಬುದು ಸಂಶೋಧಕರಿಗೂ ಗೊತ್ತು.

2001ರಲ್ಲಿ ಪ್ರಕಟವಾದ ತುಲನೆ ಹಲವರ ನಿರೀಕ್ಷೆಯನ್ನು ಬುಡಮೇಲು ಮಾಡಿತು. ಬಹುತೇಕ ಸಮಾಜಗಳಲ್ಲಿ ಮೌಲ್ಯಗಳ ಶ್ರೇಣಿ ಒಂದನ್ನೊಂದು ಹೋಲುತ್ತಿತ್ತು. ಹತ್ತಿರದವರ ಹಿತ ಮೇಲಿತ್ತು, ಅಧಿಕಾರ ತಳದಲ್ಲಿತ್ತು. ಹಾಗಿದ್ದರೆ ವರ್ತನೆ ಇಷ್ಟೊಂದು ಭಿನ್ನವಾಗುವುದು ಎಲ್ಲಿ?

ಎರಡು ಒಳಿತುಗಳ ಜಗಳ

ಉತ್ತರದ ಒಂದು ಭಾಗ ಮತ್ತೆ ಮೈಸೂರಿನಲ್ಲೇ ಸಿಗುತ್ತದೆ. ಗೆಳೆಯನ ಮದುವೆಗೆ ಉಂಗುರ ತಲುಪಿಸಲು ಹೊರಟವನ ಹಣ, ರೈಲು ಟಿಕೆಟ್ ಎರಡೂ ಕಳುವಾಗಿವೆ. ಪಕ್ಕದಲ್ಲಿ ಕುಳಿತ ಸ್ಥಿತಿವಂತನ ಕೋಟಿನ ಜೇಬಿನಿಂದ ಟಿಕೆಟ್ ಇಣುಕುತ್ತಿದೆ. ಇನ್ನೊಂದು ಟಿಕೆಟ್ ಕೊಳ್ಳಲು ಅವನ ಬಳಿ ಬೇಕಾದಷ್ಟು ಹಣವಿದೆ. ಕದಿಯದೆ ಇರುವುದೋ, ಗೆಳೆಯನಿಗೆ ಕೊಟ್ಟ ಮಾತು ಉಳಿಸಿಕೊಳ್ಳುವುದೋ? 1992ರಲ್ಲಿ ಪ್ರಕಟವಾದ ಅಧ್ಯಯನ ಇಂಥ ಇಕ್ಕಟ್ಟುಗಳನ್ನು ಮೈಸೂರಿನವರ ಮುಂದೆಯೂ ಅಮೆರಿಕದ ನ್ಯೂ ಹೇವನ್ ನಗರದವರ ಮುಂದೆಯೂ ಇಟ್ಟಿತು. ಸರಾಸರಿ ಶೇ 84ರಷ್ಟು ಭಾರತೀಯರು ಬಾಂಧವ್ಯದ ಹೊಣೆಯ ಪರ ನಿಂತರು. ಅಮೆರಿಕನ್ನರಲ್ಲಿ ಹಾಗೆ ನಿಂತವರು ಶೇ 39.

ಅಮೆರಿಕನ್ನರಿಗೆ ಸ್ನೇಹ ಬೇಡವೆಂದಾಗಲಿ, ನಮಗೆ ಕಳವು ತಪ್ಪಲ್ಲವೆಂದಾಗಲಿ ಇದರ ಅರ್ಥವಲ್ಲ. ಎರಡೂ ಕಡೆ ಎರಡೂ ಮೌಲ್ಯಗಳಿವೆ. ಡಿಕ್ಕಿಯಾದಾಗ ಯಾವುದು ಗೆಲ್ಲಬೇಕೆಂಬಲ್ಲಿ ದಾರಿ ಕವಲೊಡೆಯುತ್ತದೆ. ಅದನ್ನೂ ಒಂದೇ ಗೆರೆಯಲ್ಲಿ ಹೇಳಿ ಮುಗಿಸುವಂತಿಲ್ಲ. ಕನ್ನಡದ ಮಕ್ಕಳಿಗೆಲ್ಲ ಗೊತ್ತಿರುವ 'ಗೋವಿನ ಹಾಡು' ಇದೇ ಇಕ್ಕಟ್ಟಿನ ಕಥೆ. ಅಲ್ಲಿ ಹಸು ಕರುವನ್ನು ಬಿಟ್ಟು, ಕೊಟ್ಟ ಮಾತಿಗಾಗಿ ಹುಲಿಯ ಬಳಿಗೆ ಮರಳುತ್ತದೆ. ಬಾಂಧವ್ಯಕ್ಕೆ ಮೊದಲ ಮಣೆ ಹಾಕುವ ಸಮಾಜವೇ ಅದಕ್ಕೂ ಮೇಲೆ ಸತ್ಯವನ್ನಿಟ್ಟ ಹಾಡನ್ನು ಎದೆಗಪ್ಪಿಕೊಂಡಿದೆ.

ಮೌಲ್ಯವೋ, ದಂಡದ ಭಯವೋ

ವರ್ತನೆಗೆ ಮೌಲ್ಯಕ್ಕಿಂತ ಕಾನೂನಿನ ಬಿಗಿಯೇ ಕಾರಣ ಎನ್ನುವವರ ವಾದವೂ ದುರ್ಬಲವಲ್ಲ. ನ್ಯೂಯಾರ್ಕಿನಲ್ಲಿರುವ ವಿದೇಶಿ ರಾಜತಾಂತ್ರಿಕರು ವಾಹನ ನಿಲುಗಡೆಯ ನಿಯಮ ಮುರಿದರೂ ದಂಡ ಕಟ್ಟದೆ ಇರಬಹುದಿತ್ತು. 1997ರಿಂದ 2002ರವರೆಗೆ ಹೀಗೆ ಪಾವತಿಯಾಗದೆ ಉಳಿದ ಪ್ರಕರಣಗಳು 1.5 ಲಕ್ಷಕ್ಕೂ ಹೆಚ್ಚು. ನಗರ ಒಂದೇ, ವಿನಾಯಿತಿ ಒಂದೇ. ಆದರೂ ಕೆಲವು ದೇಶಗಳವರು ನೂರಾರು ದಂಡ ಬಾಕಿ ಉಳಿಸಿಕೊಂಡರೆ, ನಾರ್ವೆ, ಸ್ವೀಡನ್, ಜಪಾನಿನವರದು ಒಂದೂ ಇರಲಿಲ್ಲ. ತವರಿನ ರೂಢಿ ಜೊತೆಯಲ್ಲೇ ವಿಮಾನ ಹತ್ತಿತ್ತು. 2002ರ ಕೊನೆಯಲ್ಲಿ ಬಾಕಿದಾರರ ನಂಬರ್ ಪ್ಲೇಟ್ ಕಿತ್ತುಕೊಳ್ಳುವ ಕ್ರಮ ಬಂದದ್ದೇ ತಡ, ಉಲ್ಲಂಘನೆ ಸುಮಾರು ಶೇ 98ರಷ್ಟು ಇಳಿಯಿತು. ಎರಡೂ ಪಕ್ಷಗಳು ಈ ಅಂಕಿಗಳನ್ನೇ ಸಾಕ್ಷಿಗೆ ಕರೆಯುತ್ತವೆ, ಎರಡಕ್ಕೂ ಅವುಗಳಲ್ಲಿ ಆಧಾರವಿದೆ.

ಅಳತೆಗೋಲಿನಲ್ಲೇ ಒಂದು ಸಂಸ್ಕೃತಿ ಅಡಗಿ ಕುಳಿತಿರುವುದೂ ಉಂಟು. 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 40 ದೇಶಗಳ 355 ನಗರಗಳಲ್ಲಿ 17,000ಕ್ಕೂ ಹೆಚ್ಚು ಪರ್ಸುಗಳನ್ನು, 'ಯಾರೋ ಕಳೆದುಕೊಂಡದ್ದು' ಎಂದು ಹೇಳಿ, ಬ್ಯಾಂಕು, ಹೋಟೆಲು, ಕಚೇರಿಗಳ ಸಿಬ್ಬಂದಿಗೆ ಕೊಡಲಾಯಿತು. ಹಣವಿದ್ದ ಪರ್ಸುಗಳ ಬಗ್ಗೆಯೇ ಜನ ಹೆಚ್ಚು ಕಾಳಜಿ ತೋರಿದ್ದು ಸಮಾಧಾನದ ಸಂಗತಿ. ಆದರೆ ಪ್ರಾಮಾಣಿಕತೆಗೆ ಇದ್ದ ಮಾನದಂಡ ಒಂದೇ: ಒಳಗಿನ ವಿಳಾಸಕ್ಕೆ ಇಮೇಲ್ ಬರೆದರೇ? ಈ ಲೆಕ್ಕದಲ್ಲಿ ಚೀನಾ ಕೆಳಗೆ ಬಿತ್ತು. ಅಲ್ಲಿ ನಡೆದು 2023ರಲ್ಲಿ ಪ್ರಕಟವಾದ ಮರುಪರೀಕ್ಷೆಯಲ್ಲಿ ಬೇರೆಯೇ ಚಿತ್ರ ಕಂಡಿತು. ಇಮೇಲ್ ಬರೆಯದ ಎಷ್ಟೋ ಮಂದಿ, ಒಡೆಯ ಬಂದು ಕೇಳಲಿ ಎಂದು ಪರ್ಸನ್ನು ಜೋಪಾನವಾಗಿ ಎತ್ತಿಟ್ಟಿದ್ದರು.

ಶಾಲೆಗಳಿಗೆ ಇದರಿಂದೇನು

'ಆ ಜನರೇ ಹಾಗೆ' ಎಂಬ ತೀರ್ಪು ಈ ಪುರಾವೆಗಳ ಮುಂದೆ ನಿಲ್ಲುವುದಿಲ್ಲ. ವರ್ತನೆಯೆಲ್ಲ ಕೇವಲ ಕಾನೂನಿನ ಫಲ ಎಂಬುದೂ ಅರ್ಧಸತ್ಯ. ನಮ್ಮಲ್ಲಿ ಕಚೇರಿಯ ಸರದಿ ತಪ್ಪಿಸಿ ನೆಂಟನ ಕಡತ ಮುಂದೆ ಸರಿಸುವ ಗುಮಾಸ್ತ ತನ್ನ ದೃಷ್ಟಿಯಲ್ಲಿ ಮೌಲ್ಯಹೀನನಲ್ಲ. ಹತ್ತಿರದವರ ಹಿತ ಕಾಯುತ್ತಿದ್ದಾನೆ. ಬೆಲೆ ತೆರುವವರು ಸರದಿಯಲ್ಲಿ ನಿಂತ ಅಪರಿಚಿತರು. ಅವನಿಗೆ ಪ್ರಾಮಾಣಿಕತೆಯ ಪಾಠ ಹೇಳುವುದಕ್ಕಿಂತ, ಸರದಿ ಮುರಿಯಲಾಗದ ವ್ಯವಸ್ಥೆ ಕಟ್ಟುವುದು ಬೇಗ ಫಲ ಕೊಡುತ್ತದೆ ಎಂಬುದನ್ನು ನ್ಯೂಯಾರ್ಕಿನ ಅಂಕಿಗಳು ತೋರಿಸಿವೆ.

ಆದರೆ ವ್ಯವಸ್ಥೆಯ ಕಣ್ಣು ಎಲ್ಲ ಕಡೆಯೂ ಇರುವುದಿಲ್ಲ. ಶಾಲೆಗಳ ಮೌಲ್ಯಶಿಕ್ಷಣ ಇಂದು ಬಹುಮಟ್ಟಿಗೆ ಸತ್ಯ, ಕರುಣೆ, ಶಿಸ್ತು ಎಂದು ಒಂದೊಂದೇ ಗುಣವನ್ನು ಬಿಡಿಬಿಡಿಯಾಗಿ ಹೇಳಿಕೊಡುತ್ತಿದೆ. ಮಕ್ಕಳಿಗೆ ಆ ಪಟ್ಟಿ ಮೊದಲೇ ಗೊತ್ತು. ಅದರಲ್ಲಿನ ಎರಡು ಗುಣಗಳು ಎದುರಾಬದುರಾದಾಗ ಏನು ಮಾಡಬೇಕೆಂಬ ಚರ್ಚೆಗೆ, ರೈಲು ಟಿಕೆಟ್ಟಿನಂಥ ಪ್ರಶ್ನೆಗಳಿಗೆ, ಪಠ್ಯ ರೂಪಿಸುವವರು ತರಗತಿಯಲ್ಲಿ ವಾರಕ್ಕೊಂದು ಅವಧಿಯನ್ನಾದರೂ ಮೀಸಲಿಡಬೇಕು.